ಬ್ಯಾಂಕ್ ಅಧಿಕಾರಿಯಿಂದ ಫಿನ್‌ಟೆಕ್ ಸ್ಟಾರ್ಟ್‌ಅಪ್‌ಗೆ: ಅಕ್ಕನ ರಜೆ ಹೇಗೆ ಖರ್ಚಾಯಿತು

ಸರ್ಕಾರಿ ಬ್ಯಾಂಕಿನಲ್ಲಿದ್ದೇನೆ, ಸ್ಟಾರ್ಟ್‌ಅಪ್‌ಗೆ ಬರಬೇಕು ಅಂತಿದೆ, ಮೊದಲು ಒಂದಷ್ಟು ತಿಂಗಳು ರಜೆ ಹಾಕಿ ಏನಾದರೂ ಕಲಿಯಲಾ ಎಂದು ನನ್ನನ್ನು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ನಾನು ಬೆಂಗಳೂರಿನಲ್ಲಿ ಸಾಲದ ಆ್ಯಪ್‌ಗಳ ಪ್ರಾಡಕ್ಟ್ ಕೆಲಸ ಮಾಡುತ್ತೇನೆ, ಅದಕ್ಕೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಹಾಗಾಗಿ ಹತ್ತಿರದಿಂದ ನೋಡಿದ ಒಂದೇ ಒಂದು ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ನನ್ನ ದೊಡ್ಡಮ್ಮನ ಮಗಳದ್ದು. ಅವಳ ಒಪ್ಪಿಗೆ ಇದೆ. ಹೆಸರು ಬೇಡ ಅಂದಳು, ಅಕ್ಕ ಅಂತಲೇ ಕರೆಯುತ್ತೇನೆ.

ಅಕ್ಕ ಉಡುಪಿ ಕಡೆಯವಳು. ಆ ಕಡೆ ಬ್ಯಾಂಕ್ ಕೆಲಸ ಅಂದರೆ ಏನು ಅನ್ನುವುದನ್ನು ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಕೆನರಾ ಬ್ಯಾಂಕ್ 1906, ಕಾರ್ಪೊರೇಷನ್ ಬ್ಯಾಂಕ್ ಕೂಡ 1906, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ ಬ್ಯಾಂಕ್ 1925, ವಿಜಯಾ ಬ್ಯಾಂಕ್ 1931, ಇಷ್ಟೂ ಹುಟ್ಟಿದ್ದು ಮಂಗಳೂರು ಉಡುಪಿಯ ಆ ಸಣ್ಣ ಪಟ್ಟಿಯಲ್ಲೇ. ಮನೆಗೊಬ್ಬರು ಬ್ಯಾಂಕಿನವರು ಇರುತ್ತಾರೆ. ಇವುಗಳಲ್ಲಿ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲ್‌ನಲ್ಲಿ ಕೆನರಾ ಮತ್ತು ಯೂನಿಯನ್ ಬ್ಯಾಂಕ್‌ಗಳ ಪಾಲಾದವು. ಬೋರ್ಡಿನ ಹೆಸರು ಬದಲಾದರೂ ಮನೆಯವರ ಲೆಕ್ಕ ಬದಲಾಗಲಿಲ್ಲ. ಅಕ್ಕ ವಿಷಯ ಎತ್ತಿದ ದಿನ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಎಂತ ಮಗಾ, ಬ್ಯಾಂಕಿನ ಕೆಲಸ ಬಿಡುವುದುಂಟಾ?"

ಅವಳು ಸೇರಿದ್ದು 2011ರಲ್ಲಿ, ಪ್ರೊಬೇಷನರಿ ಆಫೀಸರ್ ಆಗಿ. 2022ರ ಹೊತ್ತಿಗೆ ಸ್ಕೇಲ್ ಎರಡು, ಅಂದರೆ ಅಧಿಕಾರಿಗಳ ಎರಡನೇ ದರ್ಜೆ. ದಾವಣಗೆರೆಯಲ್ಲಿ ಸಣ್ಣ ಉದ್ದಿಮೆಗಳ ಸಾಲದ ಡೆಸ್ಕು. ಅಕ್ಕಿ ಗಿರಣಿ, ಮೆಕ್ಕೆಜೋಳದ ಮಂಡಿ, ಹಾರ್ಡ್‌ವೇರ್ ಅಂಗಡಿ, ಬಟ್ಟೆ ಅಂಗಡಿ, ಇಂಥವರ ಸಿಸಿ ಲಿಮಿಟ್ (ಕ್ಯಾಶ್ ಕ್ರೆಡಿಟ್, ಅಂದರೆ ವ್ಯಾಪಾರಕ್ಕೆ ಬೇಕಾದಾಗ ತೆಗೆದು ಕಟ್ಟುವ ಸಾಲದ ಮಿತಿ) ಮಂಜೂರು ಮಾಡುವುದು, ವರ್ಷ ವರ್ಷ ನವೀಕರಿಸುವುದು, ಸ್ಟಾಕ್ ಸ್ಟೇಟ್‌ಮೆಂಟ್ ಹಿಡಿದು ಗೋಡೌನಿಗೆ ಹೋಗಿ ಮೂಟೆ ಎಣಿಸುವುದು. ಭಾವ ಅಲ್ಲೇ ಪಿಯು ಕಾಲೇಜಿನಲ್ಲಿ ಉಪನ್ಯಾಸಕರು. ಮಗಳು ಆಗ ನಾಲ್ಕನೇ ಕ್ಲಾಸು.

ಬಿಡಬೇಕು ಅನ್ನಿಸಿದ್ದು ಬೇಸರಕ್ಕಲ್ಲ. ಸ್ಕೇಲ್ ಮೂರಕ್ಕೆ ಪ್ರಮೋಷನ್ ಬಂದರೆ ಹೊರ ರಾಜ್ಯಕ್ಕೆ ವರ್ಗವಾಗುವ ಸಾಧ್ಯತೆ ಇತ್ತು, ಅದೊಂದು ಕಾರಣ. ಇನ್ನೊಂದು ಕಾರಣವೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಅವಳ ಹಳೆಯ ಗ್ರಾಹಕರು ಫೋನಿನಲ್ಲಿ ಹತ್ತು ನಿಮಿಷಕ್ಕೆ ಸಾಲ ತೆಗೆದುಕೊಂಡು, ಒಂದರ ಕಂತು ಕಟ್ಟಲು ಇನ್ನೊಂದು ಆ್ಯಪ್‌ಗೆ ಹೋಗಿ, ಕೊನೆಗೆ ಬ್ಯಾಂಕಿನ ಸಿಸಿ ಖಾತೆಯಲ್ಲಿ ಬಡ್ಡಿ ಬಾಕಿ ಉಳಿಸಿಕೊಂಡು ಅವಳ ಮುಂದೆ ಬಂದು ಕೂರುತ್ತಿದ್ದರು. ಬಾಕಿ 60 ದಿನ ದಾಟಿದರೆ ಎಸ್‌ಎಂಎ-2 ಅನ್ನುವ ಎಚ್ಚರಿಕೆಯ ಪಟ್ಟಿ, 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆಮೇಲೆ ಯಾವ ಬ್ಯಾಂಕೂ ಹತ್ತಿರ ಸೇರಿಸುವುದಿಲ್ಲ. "ಇವರಿಗೆ ಸಾಲ ಕೊಟ್ಟವರು ಯಾರೂ ಇವರ ಅಂಗಡಿ ನೋಡಿಲ್ಲ ಕಣೋ, ಆದರೆ ನಾವು ಮೂರು ವಾರ ತೆಗೆದುಕೊಳ್ಳುವುದೂ ಸರಿಯಲ್ಲ" ಅನ್ನುತ್ತಿದ್ದಳು. ವೇಗವೂ ಬೇಕು, ಅಂಗಡಿ ಗೊತ್ತಿರುವವರೂ ಬೇಕು. ಇವೆರಡೂ ಒಂದೇ ಕಡೆ ಆಗುತ್ತದಾ ಅಂತ ನೋಡುವ ಆಸೆ ಅವಳಿಗಿತ್ತು.

ಸರ್ಕಾರಿ ಬ್ಯಾಂಕುಗಳಲ್ಲಿ ಮಹಿಳಾ ಸಿಬ್ಬಂದಿಗೆ ಸಬ್ಯಾಟಿಕಲ್ ರಜೆ ಅಂತ ಒಂದಿದೆ. ಇಡೀ ಸರ್ವಿಸ್‌ನಲ್ಲಿ ಎರಡು ವರ್ಷದವರೆಗೆ ಸಿಗುತ್ತದೆ, ಸಂಬಳ ಇಲ್ಲ. ಮಕ್ಕಳ ಓದು, ಮನೆಯವರ ಆರೋಗ್ಯ, ಇಂಥ ಕಾರಣಕ್ಕೆ ಕೊಡುತ್ತಾರೆ. ದೊಡ್ಡಮ್ಮನ ಮೊಣಕಾಲಿನ ಆಪರೇಷನ್ ಆಗಬೇಕಿತ್ತು, ಮಗಳ ಶಾಲೆಯ ವಿಷಯವೂ ಇತ್ತು. ಅದನ್ನೇ ಬರೆದು ಒಂದು ವರ್ಷ ಕೇಳಿದಳು. 2022ರ ಜುಲೈನಿಂದ ಮಂಜೂರಾಯಿತು. ಆ ರಜೆಯಲ್ಲಿದ್ದಾಗ ಬೇರೆ ಕಡೆ ಕೆಲಸ ಮಾಡುವ ಹಾಗಿಲ್ಲ ಅನ್ನುವುದನ್ನು ನೆನಪಿಡಬೇಕು. ರಜೆಯಲ್ಲಿದ್ದರೂ ನೀವು ಬ್ಯಾಂಕಿನ ಅಧಿಕಾರಿಯೇ, ನಡತೆ ನಿಯಮಗಳು ಅನ್ವಯಿಸುತ್ತವೆ.

ಇದರಿಂದ ರಜೆಯ ಸ್ವರೂಪವೇ ಬೇರೆಯಾಗುತ್ತದೆ. ನಾಲ್ಕು ತಿಂಗಳು ಸ್ಟಾರ್ಟ್‌ಅಪ್‌ನಲ್ಲಿ ದುಡಿದು ನೋಡುತ್ತೇನೆ, ಸರಿಹೋಗದಿದ್ದರೆ ವಾಪಸ್ ಬರುತ್ತೇನೆ ಅನ್ನುವ ಆಟ ನಡೆಯುವುದಿಲ್ಲ. ಒಂದು ಕಂಪನಿ ಅಕ್ಕನಿಗೆ ತಿಂಗಳಿಗೆ 40,000 ಕೊಡುತ್ತೇವೆ, ಪಾರ್ಟ್‌ಟೈಮ್ ಸಲಹೆಗಾರರಾಗಿ ಬನ್ನಿ, ಬೇಕಾದರೆ ನಿಮ್ಮ ಯಜಮಾನರ ಖಾತೆಗೆ ಹಾಕುತ್ತೇವೆ ಅಂತ ಕೇಳಿತ್ತು. ಅವಳು ಒಪ್ಪಲಿಲ್ಲ. ಯಾರಿಗೆ ಗೊತ್ತಾಗುತ್ತದೆ ಅಂದವರು ನಮ್ಮ ಮನೆಯಲ್ಲೂ ಇದ್ದರು. ಸಾಲದ ಲೋಕದಲ್ಲಿ ಕೆಲಸ ಹುಡುಕುವವರು ಅಂಥದ್ದನ್ನು ಮಾಡಲೇಬಾರದು. ನಾಳೆ ಹೊಸ ಕಂಪನಿ ಹಿನ್ನೆಲೆ ಪರಿಶೀಲನೆ ಮಾಡಿಸುತ್ತದೆ, ಬ್ಯಾಂಕ್ ರಿಲೀವಿಂಗ್ ಪತ್ರ ಕೊಡಬೇಕಾಗುತ್ತದೆ. ಅಲ್ಲಿ ಕಪ್ಪುಚುಕ್ಕೆ ಬಿದ್ದರೆ ಅಳಿಸುವುದು ಕಷ್ಟ.

ರಜೆಗೆ ಮೊದಲು ಅವಳು ಭಾವನ ಜೊತೆ ಕೂತು ಮನೆ ಲೆಕ್ಕ ಹಾಕಿದಳು. ಬೇರೆಯವರು ಕೊನೆಯಲ್ಲಿ ಮಾಡುವ ಕೆಲಸವನ್ನು ಇವಳು ಮೊದಲೇ ಮಾಡಿದಳು, ಅದು ಬಹಳ ಒಳ್ಳೆಯದಾಯಿತು. ಬ್ಯಾಂಕಿನವರ ಸಂಬಳದ ಚೀಟಿಯಲ್ಲಿ ಕಾಣದ ಎಷ್ಟೋ ಅನುಕೂಲ ಇರುತ್ತವೆ. ಮೊದಲನೆಯದು ಸ್ಟಾಫ್ ಹೌಸಿಂಗ್ ಲೋನ್. ಕಡಿಮೆ ಬಡ್ಡಿ, ಅದೂ ಸರಳ ಬಡ್ಡಿ. ಮೊದಲು ಅಸಲು ಕಟ್ಟಿಸಿಕೊಳ್ಳುತ್ತಾರೆ, ಬಡ್ಡಿ ಪಕ್ಕದಲ್ಲಿ ಬೇರೆಯಾಗಿ ಸೇರುತ್ತಾ ಹೋಗುತ್ತದೆ, ಅದನ್ನು ಆಮೇಲೆ ಕಟ್ಟುವುದು. ರಾಜೀನಾಮೆ ಕೊಟ್ಟರೆ ಈ ರಿಯಾಯಿತಿ ಹೋಗುತ್ತದೆ. ಉಳಿದ ಸಾಲ ಸಾರ್ವಜನಿಕರ ದರಕ್ಕೆ ಬರುತ್ತದೆ, ಸೇರಿದ್ದ ಬಡ್ಡಿಯನ್ನೂ ತೀರಿಸಬೇಕು. ಅವಳ ಸಾಲ ಆಗ ಸುಮಾರು 28 ಲಕ್ಷ ಉಳಿದಿತ್ತು. 9 ಪರ್ಸೆಂಟ್ ಅಂತ ಹಿಡಿದರೆ ಬಡ್ಡಿಯೇ ತಿಂಗಳಿಗೆ 21,000. ಅದು ಸಾಲದೆಂಬಂತೆ ಆ ವರ್ಷವೇ ಆರ್‌ಬಿಐ ರೆಪೊ ದರವನ್ನು (ಬ್ಯಾಂಕುಗಳಿಗೆ ಅದು ಸಾಲ ಕೊಡುವ ದರ) ಮೇಲೇರಿಸುತ್ತಿತ್ತು. 2022ರ ಮೇ ತಿಂಗಳ ಆರಂಭದಲ್ಲಿ 4 ಇದ್ದದ್ದು 2023ರ ಫೆಬ್ರುವರಿಗೆ 6.5 ಆಯಿತು.

ಪಿಂಚಣಿಯ ವಿಷಯದಲ್ಲಿ ಅವಳು ಸೇರಿದ ವರ್ಷ ಕೈ ಹಿಡಿಯಿತು. 2010ರ ಏಪ್ರಿಲ್ ನಂತರ ಸರ್ಕಾರಿ ಬ್ಯಾಂಕ್ ಸೇರಿದವರು ಎನ್‌ಪಿಎಸ್‌ನಲ್ಲಿರುತ್ತಾರೆ, ಅಂದರೆ ತಿಂಗಳು ತಿಂಗಳು ಹಣ ಕೂಡುತ್ತಾ ಹೋಗುವ ಸ್ವಂತ ಪಿಂಚಣಿ ಖಾತೆ. ಪ್ರಾನ್ ಅನ್ನುವ ಆ ಖಾತೆಯ ನಂಬರೇ ಹೊಸ ಕಂಪನಿಗೂ ಬರುತ್ತದೆ, ಸೇರಿದ ದುಡ್ಡು ಎಲ್ಲಿಗೂ ಹೋಗುವುದಿಲ್ಲ. ಅವಳಿಗಿಂತ ಎರಡು ವರ್ಷ ಮೊದಲು ಸೇರಿ ಹಳೆಯ ಪಿಂಚಣಿಯಲ್ಲಿರುವ ಸಹೋದ್ಯೋಗಿಯ ಸ್ಥಿತಿ ಹೀಗಲ್ಲ. ಅವರು 20 ವರ್ಷ ತುಂಬಿ ಸ್ವಯಂ ನಿವೃತ್ತಿ ತೆಗೆದುಕೊಂಡರೆ ಪಿಂಚಣಿ ಸಿಗುತ್ತದೆ, ಅದಕ್ಕೆ ಮೊದಲು ರಾಜೀನಾಮೆ ಕೊಟ್ಟರೆ ಆವರೆಗಿನ ಸರ್ವಿಸ್ ಪಿಂಚಣಿಯ ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಶಾಖೆ, ಅಕ್ಕಪಕ್ಕದ ಟೇಬಲ್ಲು, ಒಬ್ಬರಿಗೆ ಸರಿಯಾದ ದಾರಿ ಇನ್ನೊಬ್ಬರಿಗೆ ನಷ್ಟ. ಗ್ರ್ಯಾಚುಟಿಗೆ ಐದು ವರ್ಷ ಸಾಕು, ಅವಳದ್ದು ಆಗಲೇ ದಾಟಿತ್ತು. ಬ್ಯಾಂಕಿನ ಗುಂಪು ಆರೋಗ್ಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಹಾಗಾಗಿ ರಜೆ ಹಾಕುವ ಮೊದಲೇ ಮನೆಮಂದಿಗೆ ಬೇರೆ ಪಾಲಿಸಿ ಮಾಡಿಸಿದಳು, ಈ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದಲ್ಲ, ಅದು ಓಡಲಿ ಅಂತ.

ಮನೆ ಖರ್ಚು, ಮಗಳ ಫೀಸು, ಸಾಲದ ಕಂತು ಸೇರಿ ಭಾವನ ಸಂಬಳದಲ್ಲಿ ಮುಕ್ಕಾಲು ಭಾಗ ಸರಿಹೋಗುತ್ತಿತ್ತು. ಉಳಿದ ಕಾಲು ಭಾಗಕ್ಕೆ ಒಂದೂವರೆ ವರ್ಷಕ್ಕಾಗುವಷ್ಟು ದುಡ್ಡನ್ನು ಎಫ್‌ಡಿಯಲ್ಲಿ ತೆಗೆದಿಟ್ಟಳು. ರಜೆ ಒಂದೇ ವರ್ಷದ್ದಾದರೂ ದುಡ್ಡು ಒಂದೂವರೆ ವರ್ಷಕ್ಕೆ ಇಟ್ಟಿದ್ದು ಜಾಣತನ.

ಮೊದಲ ಎರಡು ಮೂರು ತಿಂಗಳು ಆಸ್ಪತ್ರೆ, ಫಿಸಿಯೋಥೆರಪಿ, ಉಡುಪಿ ದಾವಣಗೆರೆ ಓಡಾಟದಲ್ಲೇ ಹೋದವು. ರಜೆ ಹಾಕಿದ ಹೆಂಗಸು ಮನೆಯಲ್ಲೇ ಇದ್ದಾಳೆ ಅಂತ ಗೊತ್ತಾದರೆ ನೆಂಟರ ಕೆಲಸಗಳೂ ಬರುತ್ತವೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ನಡುವೆಯೇ ಡೇಟಾ ಸೈನ್ಸ್ ಕೋರ್ಸಿನವರ ಫೋನು ಶುರುವಾಯಿತು. ಮೂರು ಲಕ್ಷದ ಹತ್ತಿರ ಫೀಸು, ಬಡ್ಡಿಯಿಲ್ಲದ ಕಂತು ಅಂದರು. ಅಕ್ಕ ಒಪ್ಪಂದದ ಪ್ರತಿ ತರಿಸಿಕೊಂಡು ಪೂರ್ತಿ ಓದಿದಳು. ಅದು ಒಂದು ಎನ್‌ಬಿಎಫ್‌ಸಿಯಿಂದ (ಬ್ಯಾಂಕಲ್ಲದ ಸಾಲದ ಕಂಪನಿ) ಅವಳ ಹೆಸರಿನಲ್ಲಿ ತೆಗೆಯುವ ಸಾಲ. ದುಡ್ಡು ನೇರ ಕೋರ್ಸಿನವರಿಗೆ ಹೋಗುತ್ತದೆ. ನಡುವೆ ಕೋರ್ಸ್ ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್‌ಗೆ, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕಕ್ಕೆ, ಹೊಡೆತ. ಕ್ರೆಡಿಟ್ ಡೆಸ್ಕಿನಲ್ಲಿ ಹತ್ತು ವರ್ಷ ಕೂತವಳಿಗೆ ಅದನ್ನು ಓದಲು ಬರುತ್ತಿತ್ತು. ಬಹಳ ಜನಕ್ಕೆ ಬರುವುದಿಲ್ಲ, ಅದೇ ನನ್ನ ಸಂಕಟ.

ಅಷ್ಟಕ್ಕೂ ಅವಳಿಗೆ ಆ ಕೋರ್ಸ್ ಬೇಕಿರಲಿಲ್ಲ. ಕಾಲೇಜು ಮುಗಿಸಿ ನಾಲ್ಕು ವರ್ಷ ಕೋಡ್ ಬರೆದ ಹುಡುಗರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. 37ನೇ ವಯಸ್ಸಿನಲ್ಲಿ ಅವರ ಸಾಲಿನ ಕೊನೆಯಲ್ಲಿ ಹೋಗಿ ನಿಲ್ಲುವುದೇಕೆ? ಅಂಗಡಿಯವನ ಮುಖ ನೋಡದೆ ಬರೀ ಕಾಗದದಿಂದ ಅವನ ವ್ಯಾಪಾರ ಅಂದಾಜು ಮಾಡುವವರು ಎಲ್ಲಿದ್ದಾರೆ ಅಂತ ಅದೇ ಕಂಪನಿಗಳು ಹುಡುಕುತ್ತಿದ್ದವು. ನಾನು ಅವಳಿಗೆ ಹೇಳಿದ್ದು ಇಷ್ಟೇ: ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಕಲಿ, ಯಾಕೆಂದರೆ ಡೇಟಾ ನೋಡಬೇಕಾದಾಗಲೆಲ್ಲ ಇನ್ನೊಬ್ಬರ ಹತ್ತಿರ ಕೈಚಾಚಬಾರದು. ಅಕೌಂಟ್ ಅಗ್ರಿಗೇಟರ್ ಹೇಗೆ ಕೆಲಸ ಮಾಡುತ್ತದೆ ತಿಳಿದುಕೊ. ಗ್ರಾಹಕರ ಒಪ್ಪಿಗೆ ಪಡೆದು ಬ್ಯಾಂಕ್ ಸ್ಟೇಟ್‌ಮೆಂಟನ್ನು ನೇರ ತರಿಸುವ ಆ ವ್ಯವಸ್ಥೆ 2021ರ ಸೆಪ್ಟೆಂಬರ್‌ನಲ್ಲಿ ಶುರುವಾಗಿತ್ತು. ಉಳಿದದ್ದು ನಿನಗೆ ಗೊತ್ತಿರುವುದೇ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಡೇಟಾಬೇಸ್ ಪಾಠ ಉಚಿತವಾಗಿ ಸಿಗುತ್ತದೆ, ಪರೀಕ್ಷೆ ಬೇಕಾದವರಷ್ಟೇ ಫೀಸು ಕಟ್ಟಬೇಕು. ಮಗಳು ಹೋಂವರ್ಕ್ ಮಾಡುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಕಲಿತಳು.

ಹೊರಗೆ ಕಾಲ ಚೆನ್ನಾಗಿರಲಿಲ್ಲ. 2021ರಲ್ಲಿ ಸ್ಟಾರ್ಟ್‌ಅಪ್‌ಗಳಿಗೆ ನೀರಿನ ಹಾಗೆ ಹರಿದ ಬಂಡವಾಳ 2022ರಲ್ಲಿ ಬತ್ತಿತು, ಎಲ್ಲ ಕಡೆ ನೇಮಕಾತಿ ನಿಂತಿತು. ಆ್ಯಪ್ ಮೂಲಕ ಹಣಕಾಸು ಸೇವೆ ಕೊಡುವ ಫಿನ್‌ಟೆಕ್‌ನವರಿಗೆ ಇನ್ನೂ ಪೆಟ್ಟು. ಆ ಜೂನ್‌ನಲ್ಲಿ ಆರ್‌ಬಿಐ, ಪ್ರೀಪೇಡ್ ವ್ಯಾಲೆಟ್ ಕಾರ್ಡುಗಳಿಗೆ ಸಾಲದ ಹಣ ತುಂಬಬೇಡಿ ಅಂದಿತು. ಸೆಪ್ಟೆಂಬರ್ 2ಕ್ಕೆ ಡಿಜಿಟಲ್ ಸಾಲದ ಮಾರ್ಗಸೂಚಿ ಬಂತು. ಸಾಲದ ಹಣ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯಿಂದ ನೇರ ಗ್ರಾಹಕರ ಖಾತೆಗೇ ಹೋಗಬೇಕು, ನಡುವೆ ಆ್ಯಪ್‌ನವರ ಖಾತೆ ಬರಬಾರದು. ಒಟ್ಟು ವೆಚ್ಚ ಎಷ್ಟು ಅಂತ ಮೊದಲೇ ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಕೊಡಬೇಕು. ಮನಸ್ಸು ಬದಲಾದರೆ ದಂಡವಿಲ್ಲದೆ ಸಾಲ ವಾಪಸ್ ಮಾಡಲು ಗ್ರಾಹಕರಿಗೆ ಕೆಲವು ದಿನ ಅವಕಾಶ ಇರಬೇಕು. ನಮ್ಮ ಆಫೀಸಿನಲ್ಲಿ ಆ ವಾರ ಎಲ್ಲರ ಮುಖವೂ ಬಾಡಿತ್ತು. ಅಕ್ಕ ಅದನ್ನು ಓದಿ, ಇದೆಲ್ಲ ಮೊದಲೇ ಇರಬೇಕಿತ್ತಲ್ವಾ ಅಂದಳು. ಆಗಲೇ ನನಗೆ ಖಾತ್ರಿಯಾಯಿತು, ಇವಳಿಗೆ ಕೆಲಸ ಸಿಗುತ್ತದೆ. ನಿಯಮ ಬಿಗಿಯಾದಷ್ಟೂ ನಿಯಮದೊಳಗೆ ಬೆಳೆದವರಿಗೆ ಬೆಲೆ.

ಆದರೂ ಮೊದಲ ಎರಡು ಕಡೆ ಆಗಲಿಲ್ಲ. ಒಂದು ಕಡೆ ನಿಮಗೆ ವೇಗ ಸಾಲದು ಅಂದರು. ಇನ್ನೊಂದು ಕಡೆ ಕೊನೆಯ ಸುತ್ತಿನವರೆಗೆ ಹೋಗಿ ಹುದ್ದೆಯೇ ರದ್ದಾಯಿತು. ಮೂರನೆಯದು ಸಣ್ಣ ಕಂಪನಿ, ಸಣ್ಣ ವ್ಯಾಪಾರಿಗಳಿಗೆ 10 ಲಕ್ಷದವರೆಗೆ ಸಾಲ ಕೊಡಿಸುವವರು. ತಾವು ಬಳಸುತ್ತಿದ್ದ ನಿಯಮಗಳ ಪಟ್ಟಿ ಕೊಟ್ಟು, ಇದರಲ್ಲಿ ತಪ್ಪೇನಿದೆ ಬರೆದುಕೊಡಿ ಅಂದರು. ಕಳೆದ ಆರು ತಿಂಗಳು ಖಾತೆಗೆ ಬಂದ ಹಣದ ಸರಾಸರಿ, ಜಿಎಸ್‌ಟಿ ರಿಟರ್ನ್, ತಿಂಗಳ ಕೊನೆಯ ಬ್ಯಾಲೆನ್ಸ್, ಸಿಬಿಲ್ ಅಂಕ, ಇವಿಷ್ಟೇ ಅವರ ಆಧಾರ.

ಅಕ್ಕ ಬ್ಯಾಂಕಿನ ಗ್ರಾಹಕರ ಒಂದು ಕಾಗದವನ್ನೂ ಮುಟ್ಟಲಿಲ್ಲ. ಭಾವನ ಕಡೆಯ ನೆಂಟರೊಬ್ಬರು ಮೆಕ್ಕೆಜೋಳದ ವ್ಯಾಪಾರಿ. ಅವರನ್ನು ಕೇಳಿ, ಹೆಸರು ನಂಬರು ಅಳಿಸಿ, ಅವರ ಸ್ಟೇಟ್‌ಮೆಂಟನ್ನೇ ಉದಾಹರಣೆಗೆ ಇಟ್ಟುಕೊಂಡಳು. ದಾವಣಗೆರೆ ಸೀಮೆಯಲ್ಲಿ ಮುಂಗಾರಿಗೆ ಬಿತ್ತಿದ ಮೆಕ್ಕೆಜೋಳ ಅಕ್ಟೋಬರ್‌ನಿಂದ ಮಾರ್ಕೆಟ್‌ಗೆ ಬರುತ್ತದೆ. ಆಗ ವ್ಯಾಪಾರಿ ರೈತರಿಗೆ ಕೈಯಲ್ಲೇ ಹಣ ಕೊಟ್ಟು ಕೊಳ್ಳಬೇಕು, ಕೋಳಿ ಆಹಾರದ ಕಾರ್ಖಾನೆಯವರು, ಸ್ಟಾರ್ಚ್ ಫ್ಯಾಕ್ಟರಿಯವರು ನಿಧಾನಕ್ಕೆ ಕೊಡುತ್ತಾರೆ. ಸಾಲ ಬೇಕಾಗುವುದೇ ಸುಗ್ಗಿಗೆ ಮೊದಲು, ಅಂದರೆ ಸೆಪ್ಟೆಂಬರ್‌ನಲ್ಲಿ. ಆಗ ಹಿಂದಿನ ಆರು ತಿಂಗಳ ಸರಾಸರಿ ತೆಗೆದರೆ ಖಾತೆ ಒಣಗಿಕೊಂಡಿರುತ್ತದೆ, ಯಂತ್ರ ಬೇಡ ಅನ್ನುತ್ತದೆ. ಇದೇ ಮನುಷ್ಯ ಜನವರಿಯಲ್ಲಿ ಕೇಳಿದರೆ ಅದೇ ಯಂತ್ರ ಎರಡು ಕೈಯಲ್ಲಿ ಕೊಡುತ್ತದೆ, ಆಗ ಅವರಿಗೆ ಬೇಕಾಗಿರುವುದಿಲ್ಲ. ಆಗ ಸಿಕ್ಕ ಹಣವನ್ನು ಬೇರೆ ಏನಕ್ಕಾದರೂ ಹಾಕಲು ಮನಸ್ಸಾಗುತ್ತದೆ.

ಜಿಎಸ್‌ಟಿ ವಿಷಯ ಇನ್ನೂ ಸ್ವಾರಸ್ಯ. ಮೂಟೆಯಲ್ಲಿ ಮಾರುವ ಮೆಕ್ಕೆಜೋಳಕ್ಕೆ ಜಿಎಸ್‌ಟಿಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕೆಂದೂ ಇಲ್ಲ. ಅಂದರೆ ಜಿಎಸ್‌ಟಿ ರಿಟರ್ನ್ ಕಡ್ಡಾಯ ಮಾಡಿದ ಕೂಡಲೇ ಕೋಟಿ ವಹಿವಾಟಿನ ಮಂಡಿಯವರು ಲೆಕ್ಕದಿಂದಲೇ ಹೊರಗೆ. ಅಂಥವರಿಗೆ ಎಪಿಎಂಸಿ ಲೈಸೆನ್ಸ್, ಮಾರ್ಕೆಟ್ ಸೆಸ್ ಕಟ್ಟಿದ ರಸೀದಿ ಕೇಳಿ ಅಂತ ಬರೆದಳು. ಇನ್ನು ತಿಂಗಳ ಕೊನೆಯ ಬ್ಯಾಲೆನ್ಸ್ ನೋಡುವುದು ದೊಡ್ಡ ಮೋಸ. 28ಕ್ಕೆ ತಮ್ಮನ ಖಾತೆಯಿಂದ ಎರಡು ಲಕ್ಷ ಬರುತ್ತದೆ, ಮುಂದಿನ 3ಕ್ಕೆ ಅದೇ ಎರಡು ಲಕ್ಷ ವಾಪಸ್ ಹೋಗುತ್ತದೆ. ದಿನದ ಸರಾಸರಿ ತೆಗೆದರೆ ಬಣ್ಣ ಬಯಲು. ಇದಕ್ಕೆ ತಾನೇ ಬರೆದ ಎಸ್‌ಕ್ಯೂಎಲ್ ಸಾಲುಗಳನ್ನೂ ಕೊನೆಯಲ್ಲಿ ಸೇರಿಸಿದ್ದಳು. ಅಷ್ಟು ಚಂದದ ಕೋಡ್ ಏನಲ್ಲ, ಆದರೆ ಓಡುತ್ತಿತ್ತು.

ನಾಲ್ಕು ಪುಟ. ಆ ನಾಲ್ಕು ಪುಟದಿಂದಲೇ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಬೇರೆ ಪ್ರಶ್ನೆಗಿಂತ ಈ ಮೆಕ್ಕೆಜೋಳದ ಮೇಲೆಯೇ ಮಾತಾಯಿತಂತೆ.

ಮೊದಲು ಕೊಟ್ಟ ಆಫರ್ ವರ್ಷಕ್ಕೆ 16 ಲಕ್ಷ, ಉಳಿದದ್ದು ಈಸಾಪ್, ಅಂದರೆ ಮುಂದೆ ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು. ಅಕ್ಕ ತನ್ನ ಹಳೆಯ ಲೆಕ್ಕದ ಹಾಳೆ ಮುಂದಿಟ್ಟು, ಬ್ಯಾಂಕ್ ಬಿಟ್ಟರೆ ಏನೇನು ಹೋಗುತ್ತದೆ ಅಂತ ಸಾಲು ಸಾಲಾಗಿ ತೋರಿಸಿದಳು. 21 ಲಕ್ಷಕ್ಕೆ ಬಂತು. ಈಸಾಪ್ ಬಗ್ಗೆ ಅವಳು ಕೇಳಿದ ಪ್ರಶ್ನೆಗಳನ್ನು ಎಲ್ಲರೂ ಕೇಳಬೇಕು. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಸಿಗುತ್ತದೆ, ಮೊದಲ ವರ್ಷ ತುಂಬದೆ ಬಿಟ್ಟರೆ ಏನೂ ಇಲ್ಲ. ಷೇರಾಗಿ ಮಾಡಿಕೊಳ್ಳುವ ದಿನ, ಆ ದಿನದ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳ ಅಂತ ಹಿಡಿದು ತೆರಿಗೆ ಹಾಕುತ್ತಾರೆ. ಕೈಗೆ ಒಂದು ರೂಪಾಯಿ ಬಂದಿರುವುದಿಲ್ಲ, ತೆರಿಗೆ ಮಾತ್ರ ಕಟ್ಟಬೇಕು. ಅದನ್ನು ಮುಂದೂಡುವ ಅವಕಾಶ 2020ರ ಬಜೆಟ್‌ನಲ್ಲಿ ಬಂದರೂ ತೆರಿಗೆ ರಿಯಾಯಿತಿಗೆ ಅರ್ಹ ಅಂತ ಸರ್ಕಾರದ ಪ್ರಮಾಣಪತ್ರ ಇರುವ ಸ್ಟಾರ್ಟ್‌ಅಪ್‌ಗಳಿಗಷ್ಟೇ ಸಿಗುತ್ತದೆ. ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಷೇರು ಮಾಡಿಕೊಳ್ಳಬೇಕು ಅನ್ನುವುದನ್ನೂ ಪತ್ರದಲ್ಲೇ ನೋಡಬೇಕು. ಇಷ್ಟು ತಿಳಿದ ಮೇಲೆ ಮನೆ ಲೆಕ್ಕದಲ್ಲಿ ಈಸಾಪ್‌ಗೆ ಸೊನ್ನೆ ಬರೆದಳು. ಆ 21 ಲಕ್ಷದಲ್ಲೇ ಎಲ್ಲ ಕಂತೂ ಸರಿಹೋಗುತ್ತದಾ ಅಂತ ನೋಡಿದಳು. ಸರಿಹೋಗುತ್ತಿತ್ತು.

ಅಧಿಕಾರಿಗಳಿಗೆ ಮೂರು ತಿಂಗಳ ನೋಟಿಸ್. ರಜೆಯಲ್ಲೇ ಕೂತು ನೋಟಿಸ್ ಕಳೆಯುವ ಬದಲು 2023ರ ಏಪ್ರಿಲ್‌ನಲ್ಲಿ ಡ್ಯೂಟಿಗೆ ಹಾಜರಾಗಿ, ಕಡತಗಳನ್ನು ಮುಂದಿನವರಿಗೆ ಒಪ್ಪಿಸಿ, ಜುಲೈನಲ್ಲಿ ಹೊಸ ಕೆಲಸಕ್ಕೆ ಸೇರಿದಳು. ಸ್ಟಾರ್ಟ್‌ಅಪ್‌ನವರು ಮೂರು ತಿಂಗಳು ಕಾಯುವುದಿಲ್ಲ ಅಂತ ಹೆದರಿಸುವವರಿದ್ದಾರೆ. ಇವರು ಕಾದರು.

ಸೇರುವ ತಿಂಗಳ ಮೊದಲೇ, ಜೂನ್ 8ಕ್ಕೆ, ಆರ್‌ಬಿಐ ಇನ್ನೊಂದು ನಿಯಮ ತಂದಿತ್ತು. ಸ್ಟಾರ್ಟ್‌ಅಪ್ ಗ್ರಾಹಕರನ್ನು ಹುಡುಕಿ ತರುತ್ತದೆ, ಸಾಲ ಕೊಡುವುದು ಎನ್‌ಬಿಎಫ್‌ಸಿ. ಸಾಲ ಮುಳುಗಿದರೆ ಒಂದು ಪಾಲು ನಾವು ಭರಿಸುತ್ತೇವೆ ಅಂತ ಸ್ಟಾರ್ಟ್‌ಅಪ್ ಖಾತ್ರಿ ಕೊಡುತ್ತದೆ. ಆ ಖಾತ್ರಿ ಒಟ್ಟು ಸಾಲದ 5 ಪರ್ಸೆಂಟ್ ದಾಟಬಾರದು, ಅದೂ ನಗದು, ಒತ್ತೆಯಿಟ್ಟ ಎಫ್‌ಡಿ ಅಥವಾ ಬ್ಯಾಂಕ್ ಗ್ಯಾರಂಟಿ ರೂಪದಲ್ಲೇ ಇರಬೇಕು ಅಂತ ಆಯಿತು. ಅದಕ್ಕಿಂತ ಜಾಸ್ತಿ ಖಾತ್ರಿಯ ಮೇಲೆ ನಡೆಯುತ್ತಿದ್ದ ವ್ಯವಹಾರಗಳು ಬದಲಾಗಬೇಕಾಯಿತು. ಯಾರಿಗೆ ಸಾಲ ಕೊಡುತ್ತೀರಿ ಅನ್ನುವ ಪ್ರಶ್ನೆಯನ್ನು ಎನ್‌ಬಿಎಫ್‌ಸಿಯವರು ಆಗ ಗಟ್ಟಿಯಾಗಿ ಕೇಳತೊಡಗಿದರು. ಅಕ್ಕನ ಮೊದಲ ಕೆಲಸವೇ ಅವರ ಎದುರು ಕೂತು ಉತ್ತರ ಹೇಳುವುದು. ಬ್ಯಾಂಕಿನವರ ಭಾಷೆ ಅವಳಿಗೆ ಬರುತ್ತಿತ್ತು, ಕಂಪನಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಕಷ್ಟ ಇರಲಿಲ್ಲ ಅಂತಲ್ಲ. ಬ್ಯಾಂಕಿನಲ್ಲಿ ಮಂಜೂರಾತಿಗೆ ಮೇಲಿನವರ ಸಹಿ ಬೇಕು, ಇಲ್ಲಿ ಅವಳು ಹೂಂ ಅಂದರೆ ಸಂಜೆಗೆ ನಿಯಮ ಬದಲಾಗಿ ಸಾವಿರಾರು ಅರ್ಜಿಗಳ ಮೇಲೆ ಓಡುತ್ತದೆ. ಮೊದಮೊದಲು ನಿದ್ದೆ ಬರುತ್ತಿರಲಿಲ್ಲ ಅಂದಳು. ವಾರದಲ್ಲಿ ಮೂರು ದಿನ ಬೆಂಗಳೂರು, ಉಳಿದದ್ದು ದಾವಣಗೆರೆಯಿಂದಲೇ. ಅವಳ ಪುಣ್ಯಕ್ಕೆ ಆ ಜೂನ್ ಕೊನೆಗೆ ಧಾರವಾಡ ಬೆಂಗಳೂರು ವಂದೇ ಭಾರತ್ ಶುರುವಾಯಿತು, ದಾವಣಗೆರೆಯಲ್ಲಿ ನಿಲ್ಲುತ್ತದೆ. ಮಗಳು ಮೊದಲ ತಿಂಗಳು ರೇಗಾಡಿದಳು. ದೊಡ್ಡಪ್ಪ ಈಗಲೂ ನೆಂಟರ ಮುಂದೆ ಮಗಳು ಬ್ಯಾಂಕಿನಲ್ಲಿದ್ದಾಳೆ ಅಂತಲೇ ಹೇಳುತ್ತಾರೆ.

ಇದನ್ನೆಲ್ಲ ಓದಿ ನಾನೂ ಮಾಡಲಾ ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಬ್ಯಾಂಕ್ ಸೇರಿ ಎರಡು ಮೂರು ವರ್ಷವಷ್ಟೇ ಆಗಿದ್ದರೆ, ಇನ್ನೂ ಕ್ರೆಡಿಟ್ ಡೆಸ್ಕಿನಲ್ಲಿ ಕೂತಿರದಿದ್ದರೆ, ಈಗಲೇ ಬರಬೇಡಿ. ಒಂದು ಸುತ್ತು ಒಳ್ಳೆಯ ಸಾಲ, ಒಂದು ಸುತ್ತು ಕೆಟ್ಟ ಸಾಲ ಎರಡನ್ನೂ ಕಣ್ಣಾರೆ ನೋಡಿ ಬನ್ನಿ, ಅಕ್ಕನ ನಾಲ್ಕು ಪುಟ ಹುಟ್ಟಿದ್ದೇ ಅಲ್ಲಿಂದ. ಹಳೆಯ ಪಿಂಚಣಿಯಲ್ಲಿದ್ದು 20 ವರ್ಷಕ್ಕೆ ಹತ್ತಿರ ಬಂದಿರುವವರು ಸ್ವಲ್ಪ ತಡೆಯಿರಿ, ಯಾವ ತಾರೀಕಿಗೆ ಅರ್ಹತೆ ಬರುತ್ತದೆ ಅಂತ ಎಚ್‌ಆರ್‌ನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಸ್ಟಾಫ್ ಲೋನ್ ಇರುವವರು ರಾಜೀನಾಮೆ ಪತ್ರ ಬರೆಯುವ ಮೊದಲು ಸೇರಿದ ಬಡ್ಡಿ ಎಷ್ಟು, ಹೊಸ ದರ ಎಷ್ಟು, ಹೊಸ ಕಂತು ಎಷ್ಟು ಅಂತ ಶಾಖೆಯಲ್ಲಿ ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಅಕ್ಕನ ಆ ಹಾಳೆಯ ಮಾದರಿ ನನ್ನ ಹತ್ತಿರ ಇದೆ, ಬೇಕಾದವರು ಕೇಳಿ, ಕಳಿಸುತ್ತೇನೆ.